ತೋಟೆ ಡಬ್ಬಿಯ ಮೇಲಿನ ವೇಗ ನಂಬಿ ಜಿಂಕೆಗೆ ಈಡು ಹೊಡೆಯಬೇಡಿ

ಈ ಚಳಿಗಾಲದಲ್ಲಿ ಯಾರಾದರೂ ರೈಫಲ್ ಮನೆಯಲ್ಲಿಟ್ಟು ಒಂಟಿ ತೋಟೆಯ ಪಿಸ್ತೂಲು ಹಿಡಿದು ಜಿಂಕೆಗೆ ಹೊರಡುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಪೆನ್ಸಿಲ್ವೇನಿಯಾದ ಪಾಟರ್ ಕೌಂಟಿಯ ಕಾಡಿನಲ್ಲಿ ಒಂದು ಹೆಣ್ಣು ಜಿಂಕೆಗೆ ನಾನು ಸಲ್ಲದ ತೋಟೆಯಿಂದ ಈಡು ಹೊಡೆದೆ. ಪಿಸ್ತೂಲು ಒಳ್ಳೆಯದೇ ಇತ್ತು, ಗುರಿಯೂ ತೀರಾ ತಪ್ಪಿರಲಿಲ್ಲ. ತೋಟೆ ಆರಿಸುವಾಗ ಹಾಕಿದ ಲೆಕ್ಕ ತಪ್ಪಿತ್ತು. ಆ ತಪ್ಪಿಗೆ ನರಳಿದ್ದು ಆ ಪ್ರಾಣಿ.

ನಮ್ಮದು ಕೊಪ್ಪದ ಕಡೆ. ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು, ಆಮೇಲೆ ತೋಟೆಕೋವಿ ಬಂತು. 1972ರ ವನ್ಯಜೀವಿ ಕಾಯ್ದೆಯ ನಂತರ ನಮ್ಮ ಮನೆಯಲ್ಲಿ ಶಿಕಾರಿ ಅನ್ನುವುದು ಜಗಲಿಯ ಮಾತಾಗಿಯಷ್ಟೇ ಉಳಿಯಿತು. ನಾನು ನಿಜವಾಗಿ ಬೇಟೆ ಕಲಿತದ್ದು ಇಲ್ಲಿಗೆ ಬಂದು, ಗ್ರೀನ್ ಕಾರ್ಡ್ ಸಿಕ್ಕ ಮೇಲೆ, ಬೇಟೆ ಶಿಕ್ಷಣದ ಪಾಠ ಮುಗಿಸಿ, ಪರವಾನಗಿ ತೆಗೆದುಕೊಂಡು. ಐದು ವರ್ಷ ರೈಫಲಿನಲ್ಲಿ ಬಿಳಿಬಾಲದ ಜಿಂಕೆ ಹೊಡೆದಿದ್ದೆ, ಒಂದೂ ಕೈತಪ್ಪಿ ಹೋಗಿರಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಮನೆಗೆ ಬಂದು ಊಟಕ್ಕೆ ಕೂರಬಾರದು ಅಂತ ಅಜ್ಜ ಹೇಳುತ್ತಿದ್ದರು. ಆ ಮಾತು ನನಗೆ ಅನ್ವಯಿಸುವ ದಿನ ಬರುತ್ತದೆ ಅಂದುಕೊಂಡಿರಲಿಲ್ಲ.

ಪಿಸ್ತೂಲು ಥಾಂಪ್ಸನ್ ಸೆಂಟರ್ ಕಂಪನಿಯ ಕಂಟೆಂಡರ್, ಹಳೆಯದು. 1967ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಇದು. ಬಿಲ್ಲಿನ (ಟ್ರಿಗರಿನ) ಸುತ್ತಲಿನ ಕಾವಲು ಬಳೆಯ ಕೆಳಗಿನ ಕೊಕ್ಕೆಯನ್ನು ಹಿಂದಕ್ಕೆ ಎಳೆದರೆ ನಳಿಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ಊರಿನ ಜೋಡುನಳಿಗೆ ಕೋವಿಯ ಹಾಗೇ. ಒಂದು ತೋಟೆ ಇಟ್ಟು ಮುಚ್ಚಿದರೆ ಗಟ್ಟಿಯಾದ ಒಂದು ಟಕ್. ನಳಿಗೆಯನ್ನೇ ಬಿಚ್ಚಿ ಬೇರೆ ಹಾಕಿಕೊಳ್ಳಬಹುದು, ಹಾಗಾಗಿ ಒಂದೇ ಚೌಕಟ್ಟಿನಲ್ಲಿ .22ರ ಸಣ್ಣ ತೋಟೆಯಿಂದ ಹಿಡಿದು .45-70ರ ಭಾರೀ ತೋಟೆವರೆಗೂ ಹೊಡೆಯಬಹುದು. ನನಗೆ ಸಿಕ್ಕಿದ್ದು 10 ಇಂಚಿನ .30-30 ನಳಿಗೆ. ಕೈಗೆ ಹಗುರ, ನೋಡಲು ಚೆಂದ. ಅಲ್ಲೇ ಸೋತೆ.

ಥರ್ಟಿ-ಥರ್ಟಿ (.30-30) ಅಂದರೆ 1895ರಿಂದ ಈ ದೇಶದಲ್ಲಿ ಜಿಂಕೆ ಹೊಡೆಯುತ್ತಾ ಬಂದ ತೋಟೆ. ಅದರ ಮೇಲೆ ಅನುಮಾನ ಪಡುವವರು ಯಾರು? ಡಬ್ಬಿಯ ಮೇಲೆ 150 ಗ್ರೇನ್ ತೂಕದ ಗುಂಡಿಗೆ ಸೆಕೆಂಡಿಗೆ 2390 ಅಡಿ, 170 ಗ್ರೇನಿಗೆ 2200 ಅಡಿ ಅಂತ ಅಚ್ಚು ಹಾಕಿರುತ್ತಾರೆ. ಆ ಅಂಕಿ 24 ಇಂಚಿನ ರೈಫಲ್ ನಳಿಗೆಯದು. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಮೋಟು ನಳಿಗೆಯಲ್ಲಿ ಸ್ವಲ್ಪ ಕಡಿಮೆಯಾದೀತು ಅಂದುಕೊಂಡಿದ್ದೆ. ಎಷ್ಟು ಅಂತ ಅಳೆಯಲಿಲ್ಲ.

ಅಂಗಡಿಯ ತೋಟೆಯನ್ನೇ ಹಾಕಿದ್ದರೂ ಬಹುಶಃ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಥರ್ಟಿ-ಥರ್ಟಿ ರೈಫಲುಗಳಲ್ಲಿ ತೋಟೆಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. ಚೂಪು ಮೂತಿಯ ಗುಂಡು ಮುಂದಿನ ತೋಟೆಯ ಕೇಪಿಗೆ ತಾಗಿ ಅದು ಒಳಗೇ ಸಿಡಿಯಬಹುದು ಅನ್ನುವ ಭಯಕ್ಕೆ ಅವುಗಳ ಮೂತಿ ಚಪ್ಪಟೆ ಇರುತ್ತದೆ, ತುದಿ ಮೆತ್ತನೆಯ ಸೀಸ. ಒಂಟಿ ತೋಟೆಯ ಪಿಸ್ತೂಲಿಗೆ ಆ ಭಯವಿಲ್ಲ, ಆದ್ದರಿಂದ ಚೂಪು ಗುಂಡು ಹಾಕಬಹುದು, ಅದು ಗಾಳಿಯಲ್ಲಿ ವೇಗ ಉಳಿಸಿಕೊಳ್ಳುತ್ತದೆ. ಈ ಮಾತು ನಿಜವೇ. ರೇಂಜಿನಲ್ಲಿ ಪರಿಚಯವಾದವರೊಬ್ಬರು ನನಗೆ ಇದೇ ಸಲಹೆ ಕೊಟ್ಟು, ತಾವು .30-06 ರೈಫಲಿಗೆ ಬಳಸುವ 165 ಗ್ರೇನಿನ ಚೂಪು ಗುಂಡುಗಳಲ್ಲೇ ನನಗೆ ಇಪ್ಪತ್ತು ತೋಟೆ (ಖೋಲಿಗೆ ಮದ್ದು ತುಂಬಿ ಗುಂಡು ಕೂರಿಸಿ) ಕಟ್ಟಿಕೊಟ್ಟರು. ಎರಡಕ್ಕೂ ಗುಂಡಿನ ಅಡ್ಡಳತೆ ಒಂದೇ, .308 ಇಂಚು. ಗುರಿಹಲಗೆಯ ಮೇಲೆ 100 ಗಜಕ್ಕೆ ಮೂರು ಗುಂಡು ಎರಡು ಇಂಚಿನೊಳಗೆ ಕೂತವು. ಕಾಗದದ ಮೇಲೆ ಅಷ್ಟು ಚೆಂದ ಕೂತದ್ದು ನೋಡಿ ಬೇರೇನೂ ಕೇಳಲಿಲ್ಲ ನಾನು.

ಕೇಳಬೇಕಾಗಿದ್ದ ಪ್ರಶ್ನೆ ಇದು: ಈ ಗುಂಡು ಅರಳಲಿಕ್ಕೆ ಎಷ್ಟು ವೇಗ ಬೇಕು? ಬೇಟೆಯ ಗುಂಡು ಮೈಗೆ ತಾಗಿದಾಗ ಅಣಬೆಯ ಹಾಗೆ ಬಿಚ್ಚಿಕೊಳ್ಳಬೇಕು. .30-06 ರೈಫಲು ಈ ಗುಂಡನ್ನು ಸೆಕೆಂಡಿಗೆ 2800 ಅಡಿಯಲ್ಲಿ ದೂಡುತ್ತದೆ. ಆ ಹೊಡೆತಕ್ಕೆ ಚೂರುಚೂರಾಗದಿರಲಿ ಅಂತ ಅದರ ತಾಮ್ರದ ಕವಚವನ್ನು ದಪ್ಪ ಮಾಡಿರುತ್ತಾರೆ. ಅದೇ ಗುಂಡು ನಿಧಾನವಾಗಿ ಹೋದರೆ ಮೊಳೆಯ ಹಾಗೆ ಒಂದು ಕಡೆಯಿಂದ ತೂರಿ ಇನ್ನೊಂದು ಕಡೆ ಹೊರಟುಹೋಗುತ್ತದೆ.

ಡಿಸೆಂಬರಿನ ಮೊದಲ ವಾರ. ಹಿಮ ಬಿದ್ದಿರಲಿಲ್ಲ, ಬೀಚ್ ಮರದ ಒಣ ಎಲೆ ನೆಲದ ತುಂಬ. ಸಂಜೆ ನಾಲ್ಕರ ಹೊತ್ತಿಗೆ ಮೂರು ಜಿಂಕೆ ಇಳಿಜಾರಿನಲ್ಲಿ ಬಂದವು. ಪಿಸ್ತೂಲನ್ನು ಕೋಲಿನ ಕವಲಿಗೆ ಆನಿಸಿ ಕುದುರೆ (ಹ್ಯಾಮರ್) ಎತ್ತಿದೆ. ದೊಡ್ಡ ಹೆಣ್ಣು ಮರದ ಮರೆಗೆ ಸರಿಯಿತು. ಮೆಲ್ಲಗೆ ಕುದುರೆ ಇಳಿಸಿದೆ. ಹಳೆಯ ಕಂಟೆಂಡರಿನಲ್ಲಿ ಒಮ್ಮೆ ಇಳಿಸಿದ ಕುದುರೆಯನ್ನು ಮತ್ತೆ ಎತ್ತಬೇಕಾದರೆ ನಳಿಗೆಯನ್ನು ಒಂದು ಸಲ ತೆರೆದು ಮುಚ್ಚಲೇಬೇಕು. ನಂತರದ ಜಿ2 ಮಾದರಿಯಲ್ಲಿ ಇದನ್ನು ಸರಿಪಡಿಸಿದರು. ತೆರೆದು ಮುಚ್ಚಿದ ಸದ್ದಿಗೆ, ಮರೆಯಿಂದ ಈಚೆ ಬಂದಿದ್ದ ಆ ಹೆಣ್ಣು ತಲೆಯೆತ್ತಿ ನನ್ನ ಕಡೆಗೇ ನೋಡಿತು. ಲೇಸರ್ ಮಾಪಕದಲ್ಲಿ 90 ಗಜ. ಅಡ್ಡಕ್ಕೆ ನಿಂತಿತ್ತು. ಮುಂಗಾಲಿನ ಹಿಂದಕ್ಕೆ ಗುರಿ ಹಿಡಿದು ಹೊಡೆದೆ.

ಅದು ಬೆನ್ನು ಬಗ್ಗಿಸಲಿಲ್ಲ, ಮುಗ್ಗರಿಸಲಿಲ್ಲ. ಬಾಲವನ್ನು ಮಾತ್ರ ಒತ್ತಿಹಿಡಿದು ಓಡಿತು. ಅರ್ಧ ಗಂಟೆ ಕಾದು ಹೋಗಿ ನೋಡಿದರೆ ನಿಂತಿದ್ದ ಜಾಗದಲ್ಲಿ ನಾಲ್ಕೈದು ಕಂದು ಕೂದಲು, ರಕ್ತವಿಲ್ಲ. ಹದಿನೈದು ಹೆಜ್ಜೆ ಆಚೆ ಒಂದು ಎಲೆಯ ಮೇಲೆ ಸಾಸಿವೆಕಾಳಿನಷ್ಟು ಒಂದು ಹನಿ. ಅದರಾಚೆ ಏನೂ ಇಲ್ಲ. ಟಾರ್ಚ್ ಹಿಡಿದು ಒಂಬತ್ತು ಗಂಟೆವರೆಗೆ ನೆಲದ ಮೇಲೆ ಕೈ ಆಡಿಸುತ್ತಾ ಮಂಡಿಯೂರಿ ಹುಡುಕಿದೆ. ಒಣ ಎಲೆ ತಿರುವಿ ತಿರುವಿ ನೋಡುವಾಗ ಪ್ರತಿ ಕೆಂಪು ಚುಕ್ಕೆಯೂ ರಕ್ತದ ಹಾಗೇ ಕಾಣುತ್ತದೆ, ಬೆರಳಿಗೆ ಉಗುಳು ಹಚ್ಚಿ ಉಜ್ಜಿದರೆ ಎಲೆಯದೇ ಬಣ್ಣ. ರಾತ್ರಿ ಕಯೋಟಿಗಳು (ಇಲ್ಲಿನ ತೋಳದಂಥ ಪ್ರಾಣಿ) ಕೂಗುವುದು ಕೇಳಿಸುತ್ತಿತ್ತು. ಕ್ಯಾಬಿನ್ನಿನಲ್ಲಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ವಾಸನೆ ಹಿಡಿಯುವ ನಾಯಿಯನ್ನು ಕರೆತರುವವರೊಬ್ಬರನ್ನು ಕರೆಸಿದೆ. ಹಗ್ಗ ಕಟ್ಟಿದ ಆ ನಾಯಿ ನಲವತ್ತು ನಿಮಿಷದಲ್ಲಿ ಹಳ್ಳ ದಾಟಿಸಿ, ಹೆಮ್ಲಾಕ್ ಮರಗಳ ಕತ್ತಲೆಗೆ ಕರೆದುಕೊಂಡು ಹೋಯಿತು. ಈಡು ಬಿದ್ದ ಜಾಗದಿಂದ ಸುಮಾರು 600 ಗಜ. ಹಿಂದಿನ ತೊಡೆಗಳನ್ನು ಕಯೋಟಿಗಳು ತಿಂದಿದ್ದವು. ಎಲೆಯ ಮೇಲೆ ಮೂರು ಕಡೆ ಅದು ಮಲಗಿ ಎದ್ದ ಗುರುತು. ಮೂರು ಸಲ ಮಲಗಿ ಮೂರು ಸಲ ಎದ್ದಿದೆ ಅಂದರೆ ಎಷ್ಟು ಹೊತ್ತು ಬದುಕಿತ್ತು ಅಂತ ನೀವೇ ಯೋಚಿಸಿ.

ನಾನು ಗುರಿಯಿಟ್ಟದ್ದಕ್ಕಿಂತ ನಾಲ್ಕು ಇಂಚು ಹಿಂದೆ ತಾಗಿತ್ತು, ಶ್ವಾಸಕೋಶದ ಹಿಂಬದಿಗೆ. ಅದು ನನ್ನ ಕೈಯ ತಪ್ಪು, ಒಪ್ಪುತ್ತೇನೆ. ಆದರೆ ಸರಿಯಾಗಿ ಅರಳಿದ ಗುಂಡು ಅಲ್ಲಿ ತಾಗಿದರೂ ಜಿಂಕೆ ಅಷ್ಟು ದೂರ ಹೋಗುವುದಿಲ್ಲ. ಒಳಹೋದ ತೂತಿನಲ್ಲಿ ಕಿರುಬೆರಳಿನ ತುದಿ ಹಿಡಿಸಲಿಲ್ಲ. ಹೊರಬಂದ ಕಡೆಯೂ ಅಷ್ಟೇ ಸಣ್ಣ ತೂತು, ಅದರ ಬಾಯಿಗೆ ಕೊಬ್ಬಿನ ಎಳೆಯೊಂದು ಮುಚ್ಚಳದ ಹಾಗೆ ಕೂತಿತ್ತು. ರಕ್ತ ಒಳಗೇ ಉಳಿದದ್ದು ಅದಕ್ಕೇ. ಬೇಟೆಗೆ ಕಟ್ಟಬೇಕಾದ ಪರವಾನಗಿಯ ಚೀಟಿ, ನನ್ನ ಟ್ಯಾಗನ್ನು ಅದಕ್ಕೇ ಕಟ್ಟಿ ಆ ವರ್ಷದ ಬೇಟೆ ಮುಗಿಸಿದೆ.

ಮನೆಗೆ ಬಂದ ಮೇಲೆ ಮಾಡಿದ್ದು, ಮೊದಲೇ ಮಾಡಬೇಕಾಗಿದ್ದ ಕೆಲಸ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಅದೇ ತೋಟೆ ಹೊಡೆದೆ. ಸರಾಸರಿ ಸೆಕೆಂಡಿಗೆ 1740 ಅಡಿ. 90 ಗಜಕ್ಕೆ ಹೋಗುವಾಗ ಅದು ಸುಮಾರು 1600 ಆಗಿರುತ್ತದೆ. ಆ ಗುಂಡು ಮಾಡಿದವರೇ ಅರಳಲು ಕನಿಷ್ಠ 1800 ಬೇಕು ಅಂತ ಬರೆದಿದ್ದಾರೆ. ನನ್ನ ಪಿಸ್ತೂಲಿನ ಬಾಯಿಯಲ್ಲೇ ಆ ವೇಗ ಇರಲಿಲ್ಲ! ಜಿಂಕೆ ಹತ್ತು ಗಜದಲ್ಲಿ ನಿಂತಿದ್ದರೂ ಅಷ್ಟೇ ಆಗುತ್ತಿತ್ತು. ಗೆಳೆಯನ 14 ಇಂಚಿನ ನಳಿಗೆಯಲ್ಲಿ ಅದೇ ತೋಟೆ 1930 ಕೊಟ್ಟಿತು. ನಾಲ್ಕು ಇಂಚು ಕಬ್ಬಿಣಕ್ಕೆ 190 ಅಡಿ ವೇಗ.

ಇಲ್ಲಿ ಇನ್ನೊಂದು ಬಲೆ ಇದೆ, ಹಲವರು ಅದರಲ್ಲಿ ಬೀಳುತ್ತಾರೆ. ಜಿಂಕೆಗೆ 1000 ಅಡಿ-ಪೌಂಡ್ ಶಕ್ತಿ ಸಾಕು ಅನ್ನುವ ಬಾಯಿಮಾತಿನ ಸೂತ್ರ. ನನ್ನ ತೋಟೆ ನಳಿಗೆಯ ಬಾಯಿಯಲ್ಲಿ ಸುಮಾರು 1100 ಕೊಡುತ್ತಿತ್ತು, ಸೂತ್ರಕ್ಕೆ ಪಾಸು. 90 ಗಜದಲ್ಲೂ 900ಕ್ಕಿಂತ ಮೇಲೆ. ಆರು ಇಂಚಿನ ರಿವಾಲ್ವರಿನ .44 ಮ್ಯಾಗ್ನಮ್, 240 ಗ್ರೇನ್, 1350 ಅಡಿ ವೇಗದಲ್ಲಿ ಬಾಯಿಯಲ್ಲೇ ಕೊಡುವುದು 970ರ ಆಸುಪಾಸು. ಕಾಗದದಲ್ಲಿ ಎರಡೂ ಸರಿಸಮ. ಆದರೆ .44ರ ಗುಂಡು .429 ಇಂಚು ದಪ್ಪ, ಅರಳದೇ ಹೋದರೂ ಸುಮಾರು ಹನ್ನೊಂದು ಮಿಲಿಮೀಟರ್ ತೂತು ಮಾಡುತ್ತದೆ. ನನ್ನದು ಎಂಟು ಮಿಲಿಮೀಟರೂ ಇಲ್ಲ, ಅದು ಅರಳಿದರಷ್ಟೇ ಕೆಲಸ. ಸಣ್ಣ ಗುಂಡು ವೇಗವನ್ನು ನಂಬಿ ಬದುಕುತ್ತದೆ, ಮೋಟು ನಳಿಗೆ ಮೊದಲು ಕದಿಯುವುದು ಆ ವೇಗವನ್ನೇ.

ಹಾಗಾಗಿ ನಿಮ್ಮ ನಳಿಗೆ 10 ಇಂಚಿನದ್ದಾದರೆ .44 ಮ್ಯಾಗ್ನಮ್ ಅಥವಾ .357 ಮ್ಯಾಕ್ಸಿಮಮ್ ಕಡೆ ನೋಡಿ, 75 ಗಜದ ಆಚೆಗೆ ಆಸೆಪಡಬೇಡಿ. .357 ಮ್ಯಾಕ್ಸಿಮಮ್ 1983ರ ಸುಮಾರಿಗೆ ಬಂದಾಗ ರಿವಾಲ್ವರುಗಳಲ್ಲಿ ಸಿಲಿಂಡರಿನ ಸಂದಿಯಿಂದ ಚಿಮ್ಮುವ ಉರಿ ಮೇಲಿನ ಕಬ್ಬಿಣವನ್ನೇ ಕೊರೆಯುತ್ತಿತ್ತು. ಒಂಟಿ ತೋಟೆಯ ಪಿಸ್ತೂಲಿನಲ್ಲಿ ಆ ಸಂದಿಯೇ ಇಲ್ಲ. 14 ಇಂಚು ಇದ್ದರೆ ಥರ್ಟಿ-ಥರ್ಟಿ, 7-30 ವಾಟರ್ಸ್, .35 ರೆಮಿಂಗ್ಟನ್ ಎಲ್ಲವೂ ನ್ಯಾಯವಾಗಿ ಜಿಂಕೆ ಹೊಡೆಯುತ್ತವೆ, ಗುಂಡು ಪಿಸ್ತೂಲಿನ ವೇಗಕ್ಕೆ ಮಾಡಿದ್ದಾಗಿದ್ದರೆ. ಸಿಯೆರಾ ಕಂಪನಿಯವರ 135 ಗ್ರೇನಿನ .30 ಗುಂಡು, 130 ಗ್ರೇನಿನ 7 ಮಿಮೀ ಗುಂಡು ಸಿಂಗಲ್ ಶಾಟ್ ಪಿಸ್ತೂಲಿಗೇ ಅಂತ ತೆಳು ಕವಚ ಹಾಕಿ ಮಾಡಿದವು. .223 ನಳಿಗೆ ಅಗ್ಗಕ್ಕೆ ಸಿಗುತ್ತದೆ, ಒದೆಯುವುದೂ ಇಲ್ಲ. ಆದರೆ ಅದರ ಗುಂಡು ಇನ್ನೂ ಸಣ್ಣದು, ಅದನ್ನು ಹಿಡಿದು ಜಿಂಕೆಗೆ ಹೋಗಬೇಡಿ ಅಂತ ಬೇಡಿಕೊಳ್ಳುತ್ತೇನೆ.

ಭಾರೀ ತೋಟೆ ಹಾಕಿದರೆ ಮುಗಿಯಿತಲ್ಲ ಅಂತ ನಾನೂ ಯೋಚಿಸಿ ಗೆಳೆಯನ 12 ಇಂಚಿನ .45-70 ಹೊಡೆದು ನೋಡಿದೆ. ಮೂರನೇ ಈಡಿಗೆ ಮಣಿಕಟ್ಟು ಜುಮ್ಮೆಂದಿತು. ಐದನೆಯದಕ್ಕೆ ಬಿಲ್ಲು (ಟ್ರಿಗರ್) ಒತ್ತುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ. ಕಣ್ಣು ಮುಚ್ಚುವವನ ಕೈಯಲ್ಲಿ ಯಾವ ತೋಟೆಯೂ ಜಿಂಕೆಗೆ ಕರುಣೆ ತೋರಿಸುವುದಿಲ್ಲ. ಅದೇ ಹಿಡಿಗೆ .22 ನಳಿಗೆ ಹಾಕಿಕೊಂಡು ವರ್ಷವಿಡೀ ಅಭ್ಯಾಸ ಮಾಡಿ, ಕುದುರೆಯ ಮೇಲಿನ ಗುಬಟನ್ನು ರಿಮ್‌ಫೈರ್ ಕಡೆಗೆ (.22 ತೋಟೆಗೆ ಬಡಿತ ಅಂಚಿಗೆ ಬೀಳಬೇಕು) ತಿರುಗಿಸಲು ಮರೆಯಬೇಡಿ. ಕಂಟೆಂಡರ್ ಚೌಕಟ್ಟಿಗೆ .308 ವಿಂಚೆಸ್ಟರಿನಂಥ ಹೆಚ್ಚು ಒತ್ತಡದ ತೋಟೆ ಹಾಕುವ ಸಾಹಸ ಬೇಡವೇ ಬೇಡ, ಅದಕ್ಕೆ ಅದೇ ಕಂಪನಿಯ ಎನ್ಕೋರ್ ಪಿಸ್ತೂಲು ಇದೆ. ಅದರ ನಳಿಗೆ ಇದಕ್ಕೆ ಕೂರುವುದೂ ಇಲ್ಲ.

ಕಾನೂನಿನ ಮಾತು. ಕೊಲಂಬಸ್ಸಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ನನ್ನ ಪಿಸ್ತೂಲು ಕೊಳ್ಳಲು ಬಂದಿದ್ದರು. ಓಹಾಯೋದಲ್ಲಿ ಜಿಂಕೆಗೆ ಬಳಸುವ ಕೈಬಂದೂಕಿಗೆ ಕನಿಷ್ಠ 5 ಇಂಚಿನ ನಳಿಗೆ, .357 ಅಥವಾ ಅದಕ್ಕಿಂತ ದಪ್ಪದ, ನೇರ ಗೋಡೆಯ ತೋಟೆ ಬೇಕು. ಥರ್ಟಿ-ಥರ್ಟಿಗೆ ಕುತ್ತಿಗೆ ಇದೆ (ಖೋಲು ತುದಿಯಲ್ಲಿ ಕಿರಿದಾಗುತ್ತದೆ), ಅಲ್ಲಿ ಅದು ಅಪರಾಧ. ಇಲಿನಾಯ್ಸಿನಲ್ಲಿ ಕುತ್ತಿಗೆಯ ತೋಟೆಯ ಖೋಲಿನ ಉದ್ದ 1.4 ಇಂಚು ಮೀರಬಾರದು. ಪೆನ್ಸಿಲ್ವೇನಿಯಾದಲ್ಲಿ ಥರ್ಟಿ-ಥರ್ಟಿ ನಡೆಯುತ್ತದೆ. ನಿಮ್ಮ ರಾಜ್ಯದ ಆ ವರ್ಷದ ಕೈಪಿಡಿ ನೋಡಿಯೇ ನಳಿಗೆ ಕೊಳ್ಳಿ. ಎಚ್-1ಬಿಯಂಥ ವೀಸಾದಲ್ಲಿರುವವರು ಇನ್ನೂ ಒಂದು ವಿಷಯ ತಿಳಿದಿರಬೇಕು: ಫೆಡರಲ್ ಕಾನೂನು ಸಾಮಾನ್ಯವಾಗಿ ನಿಮಗೆ ಬಂದೂಕು ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಗೆಳೆಯರದ್ದು ಹಿಡಿದು ನೋಡುವ ಮೊದಲೂ ಇದನ್ನು ವಿಚಾರಿಸಿಕೊಳ್ಳಿ.

ಸಂಬಂಧಿಕರಿಗೆ ಪಿಸ್ತೂಲು ಕೊಡಲಿಲ್ಲ. ಅದೇ ಚೌಕಟ್ಟಿಗೆ 14 ಇಂಚಿನ 7-30 ವಾಟರ್ಸ್ ನಳಿಗೆ ಹಾಕಿಸಿದ್ದೇನೆ. 120 ಗ್ರೇನಿನ ಗುಂಡನ್ನು ಕ್ರೋನೋಗ್ರಾಫಿನ ಮೇಲೆ ಹೊಡೆದು, ಅದರ ವೇಗ ಯಾವ ದೂರಕ್ಕೆ ಅರಳುವ ಮಟ್ಟಕ್ಕಿಂತ ಕೆಳಗಿಳಿಯುತ್ತದೆ ಅಂತ ಲೆಕ್ಕಹಾಕಿ, ಆ ದೂರವನ್ನು ಬಿಳಿ ಅಂಟುಪಟ್ಟಿಯ ಮೇಲೆ ಬರೆದು ಹಿಡಿಗೆ ಅಂಟಿಸಿದ್ದೇನೆ. ಹಳೆಯ ತೋಟೆಗಳಲ್ಲಿ ಉಳಿದಿದ್ದವುಗಳನ್ನು ಒಂದೊಂದಾಗಿ ಗುಂಡು ಕಿತ್ತು, ಮದ್ದು ಸುರಿದು ಬಿಚ್ಚಿದೆ. ಒಂದನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ರೇಂಜಿನಲ್ಲಿ ಯಾರಾದರೂ ಮೋಟು ನಳಿಗೆಗೆ ರೈಫಲ್ ಗುಂಡು ಕಟ್ಟಿಸುವ ಮಾತಾಡಿದರೆ ಅದನ್ನು ಅವರ ಕೈಗಿಟ್ಟು ಆ ರಾತ್ರಿಯ ಕಥೆ ಹೇಳುತ್ತೇನೆ.