ಸಿಒಪಿಡಿಗೆ ಡುಪಿಲುಮಾಬ್ ಪೆನ್: ಸೂಜಿಗಿಂತ ಮೊದಲು ರಕ್ತದ ರಿಪೋರ್ಟ್ ನೋಡಿ

ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದು, ಮೂರು ಔಷಧಿಯ ಪಂಪು (ಇನ್ಹೇಲರ್) ತಪ್ಪದೆ ಎಳೆದುಕೊಂಡರೂ ವರ್ಷಕ್ಕೆರಡು ಸಲ ದಮ್ಮು ಕೆರಳುವವರಿಗೆ ಬಂದಿರುವ ಹೊಸ ಆಸರೆ ಡುಪಿಲುಮಾಬ್, ಪೆನ್ನಿನಂಥ ಸಿರಿಂಜಿನಲ್ಲಿ ಬರುವ ಚುಚ್ಚುಮದ್ದು. 2024ರಲ್ಲಿ ಯುರೋಪ್, ಅಮೆರಿಕಗಳು ಸಿಒಪಿಡಿಗೂ ಇದನ್ನು ಒಪ್ಪಿದವು. ಪಂಪಿನ ಜೊತೆಗೇ ತೆಗೆದುಕೊಳ್ಳಬೇಕು. ಹಠಾತ್ತಾಗಿ ಉಸಿರು ಕಟ್ಟಿದಾಗ ಇದು ಕೆಲಸಕ್ಕೆ ಬಾರದು.

939 ಮಂದಿಯ ಮೇಲೆ ನಡೆದ ಬೋರಿಯಾಸ್ ಎಂಬ ಔಷಧ ಪರೀಕ್ಷೆಯಲ್ಲಿ, ಔಷಧಿಯಿಲ್ಲದ ಬರಿ ಸೂಜಿ ಚುಚ್ಚಿಸಿಕೊಂಡವರಿಗಿಂತ ಕಾಯಿಲೆ ಕೆರಳುವುದು ಶೇ. 30ರಷ್ಟು ಕಡಿಮೆಯಾಯಿತು, 935 ಮಂದಿಯ ನೋಟಸ್‌ನಲ್ಲಿ ಶೇ. 34ರಷ್ಟು. ಬೋರಿಯಾಸ್‌ನಲ್ಲಿ 12 ವಾರಕ್ಕೆ ಊದುವ ಪರೀಕ್ಷೆಯ ಅಳತೆ (ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ) 160 ಮಿ.ಲೀ. ಏರಿತು, ಬರಿ ಸೂಜಿ ಚುಚ್ಚಿಸಿಕೊಂಡವರಲ್ಲೂ 77 ಏರಿತ್ತು. ಆದ್ದರಿಂದ ಮೆಟ್ಟಿಲು ಹತ್ತುವುದು ಸಲೀಸಾಗುತ್ತದೆ ಎಂದು ನಂಬಿ ಪೆನ್ ಕೊಳ್ಳಬೇಡಿ. ಕಾಯಿಲೆ ಕೆರಳುವುದು ಕಡಿಮೆಯಾಗುವುದೇ ಇದರ ನಿಜವಾದ ಲಾಭ.

ಅದೂ ಎಲ್ಲರಿಗಲ್ಲ. ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಗೆಯ ಬಿಳಿಕಣ ಮೈಕ್ರೋಲೀಟರಿಗೆ ಕನಿಷ್ಠ 300 ಇರಬೇಕು. ರಿಪೋರ್ಟಿನಲ್ಲಿ ಶೇಕಡಾ ಮಾತ್ರ ಇದ್ದರೆ ಗುಣಿಸಿ ನೋಡಿ: ಒಟ್ಟು ಬಿಳಿಕಣ 8,000, ಇಯೋಸಿನೋಫಿಲ್ ಶೇ. 4 ಎಂದರೆ 320. ಎಡವುವುದು ಇಲ್ಲೇ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ರಕ್ತ ಕೊಟ್ಟರೆ ಎಣಿಕೆ ಕುಸಿದಿರುತ್ತದೆ. ಹೊಟ್ಟೆಯಲ್ಲಿ ಜಂತುಹುಳ ಇದ್ದರೆ ಸುಮ್ಮನೆ ಏರಿರುತ್ತದೆ. ಹುಳಕ್ಕೆ ಮೊದಲು ಔಷಧಿ ಆಗಲಿ, ಪೆನ್ ಆಮೇಲೆ.

ಎರಡು ವಾರಕ್ಕೊಮ್ಮೆ 300 ಮಿ.ಗ್ರಾಂ., ವರ್ಷಕ್ಕೆ 26 ಪೆನ್. ಫ್ರಿಜ್‌ನಿಂದ ತೆಗೆದು 45 ನಿಮಿಷ ಹಾಗೇ ಬಿಡಿ. ಬಿಸಿನೀರಿಗೆ ಹಾಕಬೇಡಿ, ಅಲುಗಾಡಿಸಬೇಡಿ. ತೊಡೆಗೋ, ಹೊಕ್ಕುಳಿನಿಂದ 5 ಸೆಂ.ಮೀ. ಬಿಟ್ಟು ಹೊಟ್ಟೆಗೋ ನೆಟ್ಟಗೆ ಒತ್ತಿ. ಕ್ಲಿಕ್ ಎಂದ ಕೂಡಲೇ ಎತ್ತಿದರೆ ಅರ್ಧ ಔಷಧಿ ಚರ್ಮದ ಮೇಲೆ ಹರಿದುಹೋಗುತ್ತದೆ. ಪೆನ್ನಿನ ಮೇಲಿನ ಪುಟ್ಟ ಕಿಟಕಿ ಪೂರ್ತಿ ಹಳದಿಯಾದ ಮೇಲೂ ನಿಧಾನಕ್ಕೆ ಐದು ಎಣಿಸಿ. ಫ್ರಿಜ್ ಹೊರಗೆ 25 ಡಿಗ್ರಿಯೊಳಗೆ 14 ದಿನ ಇಡಬಹುದು ಎನ್ನುತ್ತಾರೆ, ಆದರೆ ರಾಯಚೂರು, ಕಲಬುರಗಿಯ ಬೇಸಿಗೆಗೆ ಆ ಲೆಕ್ಕ ನಡೆಯದು. ಒಂದು ಸೂಜಿ ಮರೆತರೆ ಏಳು ದಿನದೊಳಗೆ ತೆಗೆದುಕೊಂಡು ಹಳೆಯ ದಿನಕ್ಕೇ ಮರಳಿ. ಏಳು ದಾಟಿದ್ದರೆ ಮುಂದಿನ ಸರದಿಗೆ ಕಾಯಿರಿ. ಕಣ್ಣು ಕೆಂಪಾದರೆ ವೈದ್ಯರಿಗೆ ಹೇಳಿ.

ನಮಗಿರುವ ದೊಡ್ಡ ತಕರಾರು ಒಂದೇ. ಎರಡೂ ಪರೀಕ್ಷೆಗೆ ಆರಿಸಿದ್ದು ಕನಿಷ್ಠ ಹತ್ತು ವರ್ಷ ದಿನಕ್ಕೊಂದು ಪ್ಯಾಕಿನಷ್ಟು ಸಿಗರೇಟು ಸೇದಿದವರನ್ನು. ಬೀಡಿ ಮುಟ್ಟದೆ, ಸೌದೆ ಒಲೆ ಊದಿ ಊದಿಯೇ ಎದೆ ಕೆಡಿಸಿಕೊಂಡ ನಮ್ಮ ಹಳ್ಳಿಯ ಹೆಂಗಸರಿಗೆ ಆ ಬಾಗಿಲೇ ತೆರೆಯಲಿಲ್ಲ.