ಅಕಾಡೆಮಿಯೋ, ಬಯಲಿನ ಆಟವೋ?

ಹತ್ತು ವರ್ಷದ ಮಗುವನ್ನು ಕ್ರಿಕೆಟ್ ಅಕಾಡೆಮಿಗೆ ಸೇರಿಸಬೇಕಾ, ಸಂಜೆ ಓಣಿ ಮಕ್ಕಳ ಜೊತೆ ಆಡಲು ಬಿಟ್ಟರೆ ಸಾಕಾ? ಅಕಾಡೆಮಿಯಲ್ಲಿ ಕೋಚ್, ನೆಟ್ಸ್, ಪಂದ್ಯಗಳು ಸಿಗುತ್ತವೆ, ಶಿಸ್ತೂ ಬರುತ್ತದೆ. ಆದರೆ ಫೀಸು, ಕಿಟ್ಟು, ಓಡಾಟ ಅಂತ ಮನೆಯವರೆಲ್ಲರ ಭಾನುವಾರ ಅದಕ್ಕೇ ಹೋಗುತ್ತದೆ, ಒಂದೇ ಆಟ ಜಾಸ್ತಿ ಆಡಿಸಿದರೆ ಮಗುವಿನ ಭುಜ, ಬೆನ್ನಿಗೂ ಪೆಟ್ಟು. ಬಯಲಲ್ಲಿ ಖರ್ಚಿಲ್ಲ. ಜಗಳ, ರಾಜಿ ಎಲ್ಲ ತಾವೇ ಕಲಿಯುತ್ತಾರೆ, ತಪ್ಪು ತಿದ್ದುವವರು ಮಾತ್ರ ಇರುವುದಿಲ್ಲ. ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು 15–16 ವರ್ಷದವರೆಗೆ ಮುಂದೂಡಿ ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಸಂಘ. ಆಟಕ್ಕಾಗಿ ಓದನ್ನೂ ಬಿಡಬೇಕಿಲ್ಲ: ನಮ್ಮ ಕ್ರಿಕೆಟಿಗರಾದ ಕುಂಬ್ಳೆ, ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಪದವೀಧರರು, ಅಲ್ವಾ? ನನ್ನ ಆಯ್ಕೆ ಸದ್ಯಕ್ಕೆ ಬಯಲು, ಆಮೇಲೆ ಮಗುವೇ ಹಟ ಹಿಡಿದು ಕೇಳಿದರೆ ಅಕಾಡೆಮಿ. ಆಗಲೂ ವಾರಕ್ಕೊಂದು ದಿನ ಪೂರ್ತಿ ರಜೆ ಕೊಡಿ.