ಸೆಟ್‌ನಲ್ಲಿ ಗ್ಯಾಸ್ ಮಾತ್ರೆ ಇದೆ ಅಂತ ಧೈರ್ಯವಾಗಿರಬೇಡಿ

ದಾವಣಗೆರೆಯ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರೊಬ್ಬರು, ಅರವತ್ತು ದಾಟಿದವರು. ಮೊಣಕಾಲು ಹಿಡಿದುಕೊಂಡಾಗಲೆಲ್ಲ ಮೆಡಿಕಲ್ ಶಾಪಿಗೆ ಹೋಗಿ "ಒಂದ್ ಸೆಟ್ ಕೊಡ್ರಿ" ಅನ್ನುವುದು, ಬಿಡಿ ಮಾತ್ರೆಗಳನ್ನು ಪೊಟ್ಟಣ ಕಟ್ಟಿಸಿಕೊಂಡು ಬರುವುದು ರೂಢಿ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ಬೆಳಗ್ಗೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ಕೆಲವು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತಂತೆ. ಹೊಟ್ಟೆನೋವು ಇರಲಿಲ್ಲವಾದ್ದರಿಂದ ಮನೆಯಲ್ಲಿ ಹೇಳಿರಲಿಲ್ಲ. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣಿನಿಂದ ರಕ್ತ ಸೋರುತ್ತಿದ್ದದ್ದು ಕಂಡಿತು. ರಕ್ತ ಕೊಟ್ಟು ಉಳಿಸಿಕೊಂಡರು.

ಪೊಟ್ಟಣದಲ್ಲಿ ಇದ್ದದ್ದು ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ 50 ಮಿ.ಗ್ರಾಂ, ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್, ಜೊತೆಗೆ ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ ಮಾತ್ರೆ 40 ಮಿ.ಗ್ರಾಂ. ಮೊದಲೆರಡೂ ಶೆಡ್ಯೂಲ್ ಎಚ್ ಔಷಧಿಗಳು, ಡಾಕ್ಟರ ಚೀಟಿಯಿಲ್ಲದೆ ಮಾರುವಂತೆಯೇ ಇಲ್ಲ. ಜಠರದ ಒಳಗೋಡೆಗೆ ಆಮ್ಲ ತಾಗದಂತೆ ಲೋಳೆಯ ಪದರ ಕಾಯುತ್ತದೆ. ಆ ಪದರ ಉಳಿಯಲು ದೇಹವೇ ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಬೇಕು. ಡೈಕ್ಲೋಫೆನಾಕ್ ನೋವು ಇಳಿಸುವುದು ಇದೇ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆದು. ಜೊತೆಗೆ ಸ್ಟೀರಾಯ್ಡ್ ಸೇರಿದರೆ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚುತ್ತದೆ. ನೋವಿನ ಮಾತ್ರೆ ಹುಣ್ಣಿನ ನೋವನ್ನೂ ಮುಚ್ಚಿಬಿಡುವುದುಂಟು, ಹಾಗಾಗಿ ರಕ್ತ ಹೋಗುವವರೆಗೆ ಸುಳಿವೇ ಸಿಗುವುದಿಲ್ಲ.

ಹಾಗಾದರೆ ಗ್ಯಾಸ್ ಮಾತ್ರೆ ಏನು ಮಾಡುತ್ತಿತ್ತು? ಪ್ಯಾಂಟೊಪ್ರಜೋಲ್ ಒಳ್ಳೆಯ ಔಷಧಿಯೇ, ಸರಿಯಾಗಿ ತೆಗೆದುಕೊಂಡರೆ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, ಸಾಮಾನ್ಯವಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಇವರು ಮೂರನ್ನೂ ರಾತ್ರಿ ಉಂಡ ಮೇಲೆ, ನೋವಿದ್ದ ದಿನ ಮಾತ್ರ ನುಂಗುತ್ತಿದ್ದರು. ಪ್ಯಾಂಟೊಪ್ರಜೋಲನ್ನು ದೊಡ್ಡದು ಅಂತ ಮುರಿಯುತ್ತಲೂ ಇದ್ದರು. ಅದರ ಮೇಲಿನ ಲೇಪ ಆಮ್ಲದಿಂದ ಔಷಧಿಯನ್ನು ಕಾಯಲೆಂದೇ ಇರುವುದು. ಮುರಿದರೆ ಜಠರದಲ್ಲೇ ಹಾಳಾಗುತ್ತದೆ.

ಡಾಕ್ಟರ ಚೀಟಿಯಲ್ಲಿ ಡಿಸ್ಪೆಪ್ಸಿಯಾ ಅಂತಿದ್ದರೆ ಅಜೀರ್ಣ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು. ಜಿಇಆರ್‌ಡಿ ಅಂದರೆ ಆಮ್ಲ ಅನ್ನನಾಳಕ್ಕೆ ಏರುವುದು. ಎದೆ ಉರಿ, ಹುಳಿ ತೇಗು. ಪೆಪ್ಟಿಕ್ ಅಲ್ಸರ್ ಮಾತ್ರ ನಿಜವಾದ ಗಾಯ. ಅದಕ್ಕೆ ಮುಖ್ಯ ಕಾರಣ ಎರಡು: ನೋವಿನ ಮಾತ್ರೆ ಮತ್ತು ಎಚ್. ಪೈಲೋರಿ ಬ್ಯಾಕ್ಟೀರಿಯಾ. ಮಂಡಕ್ಕಿ, ಮಿರ್ಚಿ ತಿಂದು ಉರಿ ಹೆಚ್ಚಬಹುದು, ಆದರೆ ಹುಣ್ಣಿಗೆ ಅದನ್ನೇ ದೂರುತ್ತ ಕೂತರೆ ಡೈಕ್ಲೋಫೆನಾಕ್ ತಪ್ಪಿಸಿಕೊಳ್ಳುತ್ತದೆ.

ಗ್ಯಾಸ್ ಮಾತ್ರೆಯ ಸ್ಟ್ರಿಪ್ ಮೇಲೆ ಡಿಎಸ್ಆರ್ ಅಂತ ಕಂಡರೆ ಒಳಗೆ ಡೋಂಪೆರಿಡೋನ್ ಕೂಡ ಇದೆ, ಸಾಮಾನ್ಯವಾಗಿ 30 ಮಿ.ಗ್ರಾಂ. ಇದು ಹೃದಯದ ಬಡಿತದ ಲಯ ತಪ್ಪಿಸಬಲ್ಲದು. ಎಚ್. ಪೈಲೋರಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಜೊತೆ ಇದನ್ನು ತೆಗೆದುಕೊಳ್ಳಲೇಬಾರದು. ಹೃದಯದ ಕಾಯಿಲೆ ಇರುವವರಂತೂ ಡಾಕ್ಟರಿಗೆ ಹೇಳದೆ ಮುಟ್ಟಬೇಡಿ.

ಬಿಡಿ ಮಾತ್ರೆ ಕೊಳ್ಳಲೇಬೇಡಿ. ಕತ್ತರಿಸಿದ ಸ್ಟ್ರಿಪ್ ಆದರೂ ಸರಿ, ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ತುದಿಯನ್ನೇ ಕೇಳಿ ಪಡೆಯಿರಿ, ಬಿಲ್ ಸಮೇತ.

ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ. ಆದರೆ ಅಂಟು, ಕೆಟ್ಟ ನಾತ, ತಲೆಸುತ್ತು ಜೊತೆಗಿದ್ದರೆ ಅಥವಾ ವಾಂತಿ ಕಾಫಿ ಪುಡಿಯಂತಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಉಳಿದ ಮಾತ್ರೆ, ಪೊಟ್ಟಣ ಜೊತೆಗೇ ಒಯ್ಯಿರಿ. ಈಗ ಯಾವ ತೊಂದರೆಯೂ ಇಲ್ಲದೆ ವಾರಗಟ್ಟಲೆ ಸೆಟ್ ನುಂಗುತ್ತಿರುವವರು ಎಲ್ಲವನ್ನೂ ಒಮ್ಮೆಲೇ ಬಿಡಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ದಿಢೀರನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದು ಇವತ್ತೇ ಡಾಕ್ಟರ ಹತ್ತಿರ ಹೋಗಿ, ಯಾವುದನ್ನು ಕೂಡಲೇ ಬಿಡಬೇಕು, ಯಾವುದನ್ನು ಇಳಿಸುತ್ತ ಬರಬೇಕು ಅಂತ ಅವರೇ ಹೇಳುತ್ತಾರೆ.